ಫೈಬರ್ ದೋಣಿಯ ಹಟಮಾರಿ ಕಲೆ: ತಿಕ್ಕುವ ಮೊದಲು ಗುರುತು ಹಿಡಿಯಿರಿ

ಹುಬ್ಬಳ್ಳಿಯ ಉಣಕಲ್ ಕೆರೆಯಂಥ ಕಡೆ ಓಡಿಸುವ ಪೆಡಲ್ ಬೋಟು ಹೊಸದಾಗಿ ಬಂದಾಗ ಅಚ್ಚ ಬಿಳುಪಾಗಿರುತ್ತದೆ. ಕೈ ಇಟ್ಟರೆ ಜಾರುವಷ್ಟು ನುಣುಪು. ಒಂದೆರಡು ಮಳೆಗಾಲ ಕಳೆಯಲಿ, ನೀರು ತಾಗುವ ಮಟ್ಟದಲ್ಲಿ ಸುತ್ತಲೂ ಚಹಾ ಬಣ್ಣದ ಪಟ್ಟಿ ಮೂಡಿರುತ್ತದೆ. ಬೋಲ್ಟುಗಳ ಕೆಳಗೆ ಜಂಗಿನ ಗೆರೆ ಇಳಿದಿರುತ್ತದೆ. ಸೀಟಿನ ಮೂಲೆಯಲ್ಲಿ ಹಾವಸೆ, ಅಂಚಿನಲ್ಲಿ ಟೈರು ತಾಗಿದ ಕಪ್ಪು ಗೀರು. ಸೋಪು ಹಾಕಿ ತೊಳೆದರೆ ಮಣ್ಣು ಹೋಗುತ್ತದೆ, ಕಲೆ ಹೋಗುವುದಿಲ್ಲ. ಆಗ ಹೆಚ್ಚಿನವರು ಮಾಡುವ ಕೆಲಸ ಒಂದೇ: ಪಾತ್ರೆ ತಿಕ್ಕುವ ತಂತಿ ತಂದು ಜೋರಾಗಿ ತಿಕ್ಕುವುದು.

ದಯವಿಟ್ಟು ಅದೊಂದನ್ನು ಮಾಡಬೇಡಿ. ಯಾಕೆ ಅನ್ನುವುದು ತಿಳಿಯಬೇಕಾದರೆ ಆ ಬಿಳಿ ಮೈ ಏನು ಅನ್ನುವುದು ಮೊದಲು ಗೊತ್ತಾಗಬೇಕು.

ಫೈಬರ್ ದೋಣಿ ಎಂದರೆ ಗಾಜಿನ ನಾರು ಮತ್ತು ರಾಳ, ಅಂದರೆ ಪಾಲಿಯೆಸ್ಟರ್ ರೆಸಿನ್, ಎರಡೂ ಸೇರಿ ಗಟ್ಟಿಯಾದ ಮೈ. ಆದರೆ ನಮ್ಮ ಕಣ್ಣಿಗೆ ಬೀಳುವುದು ನಾರಲ್ಲ, ಅದರ ಮೇಲಿನ ಜೆಲ್‌ಕೋಟ್. ಇದೂ ಪಾಲಿಯೆಸ್ಟರ್ ರೆಸಿನ್ನೇ. ಬಣ್ಣದ ಪುಡಿ ಬೆರೆಸಿರುತ್ತಾರೆ, ಬಿಳಿ ಬಣ್ಣಕ್ಕಾದರೆ ಟೈಟಾನಿಯಂ ಡೈಆಕ್ಸೈಡ್. ದೋಣಿ ಮಾಡುವಾಗ ಅಚ್ಚಿನ ಒಳಮೈಗೆ ಮೊದಲು ಜೆಲ್‌ಕೋಟ್ ಬಳಿಯುತ್ತಾರೆ, ಅದರ ಹಿಂದೆ ನಾರು ಮತ್ತು ರೆಸಿನ್ ಕೂರಿಸುತ್ತಾರೆ. ಅಚ್ಚಿನಿಂದ ತೆಗೆದಾಗ ಮೊದಲು ಬಳಿದದ್ದು ಹೊರಮೈ ಆಗುತ್ತದೆ. ಉಪ್ಪಿನಕಾಯಿ ಭರಣಿಯ ಮೇಲಿನ ಹೊಳಪಿನ ಹಾಗೆ ಅದು ಒಳಗಿನ ಮೈಯನ್ನು ಕಾಯುತ್ತದೆ. ಅದರ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ಅಷ್ಟೇ. ಪ್ರತಿ ಸಲ ತಂತಿ ಹಾಕಿ ತಿಕ್ಕಿದಾಗಲೂ ಆ ಅರ್ಧ ಮಿಲಿಮೀಟರಿನಲ್ಲಿ ಸ್ವಲ್ಪ ಸವೆಯುತ್ತದೆ. ಒಮ್ಮೆ ಸವೆದು ಹೋದರೆ ನೀರು ನಾರಿನವರೆಗೆ ಇಳಿಯುತ್ತದೆ.

ತಂತಿಯಿಂದ ಇನ್ನೊಂದು ಕೇಡೂ ಇದೆ. ಅದರ ಸಣ್ಣ ಸಣ್ಣ ಚೂರು ಮುರಿದು ಜೆಲ್‌ಕೋಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ನಾಲ್ಕು ದಿನ ಬಿಟ್ಟು ನೋಡಿ, ದೋಣಿ ತುಂಬಾ ಜಂಗಿನ ಚುಕ್ಕೆ. ಒಂದು ಕಲೆ ತೆಗೆಯಲು ಹೋಗಿ ನೂರು ಕಲೆ ಹಾಕಿದಂತಾಗುತ್ತದೆ.

ಇಷ್ಟು ನುಣುಪಾದ ಮೈಗೆ ಕಲೆ ಅಂಟುವುದಾದರೂ ಹೇಗೆ? ಕಣ್ಣಿಗೆ ಕಾಣದಿದ್ದರೂ ಜೆಲ್‌ಕೋಟಿನಲ್ಲಿ ಬಹಳ ಸಣ್ಣ ರಂಧ್ರಗಳಿರುತ್ತವೆ. ಹೊಸದರಲ್ಲಿ ಮೇಣದ ಪಾಲಿಶ್ ಅವನ್ನು ಮುಚ್ಚಿರುತ್ತದೆ. ಆಮೇಲೆ ಬಿಸಿಲು ತನ್ನ ಕೆಲಸ ಶುರು ಮಾಡುತ್ತದೆ. ಅದರ ನೇರಳಾತೀತ ಕಿರಣ ಮೇಲ್ಪದರದ ರೆಸಿನ್ನನ್ನು ಒಡೆಯುತ್ತದೆ. ರೆಸಿನ್ ಹೋದ ಕಡೆ ಬಣ್ಣದ ಪುಡಿ ಸಡಿಲಾಗಿ ಸುಣ್ಣದ ಪುಡಿಯ ಹಾಗೆ ಉಳಿಯುತ್ತದೆ. ಒಂದು ಕಪ್ಪು ಅರಿವೆ ತೊಗೊಂಡು ಹಳೆಯ ದೋಣಿಯ ಒಣ ಮೈಯನ್ನು ಒರೆಸಿ ನೋಡಿ. ಅರಿವೆಗೆ ಬಿಳಿ ಪುಡಿ ಹತ್ತಿದರೆ ಮೇಲ್ಪದರ ಸತ್ತಿದೆ ಎಂದರ್ಥ. ಕಲೆಗೆ ಕೂರಲು ಅದಕ್ಕಿಂತ ಒಳ್ಳೆಯ ಜಾಗ ಬೇಕಾ?

ಹಾಗಾಗಿ ಕಲೆ ಇರುವುದು ಮೇಲಲ್ಲ, ಸ್ವಲ್ಪ ಒಳಗೆ. ತಿಕ್ಕಿ ಅದನ್ನು ಮುಟ್ಟಬೇಕೆಂದರೆ ಜೆಲ್‌ಕೋಟನ್ನೇ ಸವೆಸಬೇಕು. ಕರಗಿಸಿದರೆ ಕಲೆ ತಾನೇ ಹೊರಗೆ ಬರುತ್ತದೆ. ಆದರೆ ಒಂದೊಂದು ಕಲೆ ಒಂದೊಂದಕ್ಕೆ ಕರಗುತ್ತದೆ. ಜಂಗಿಗೆ ಬೇಕಾದದ್ದು ಎಣ್ಣೆಗೆ ನಾಟುವುದಿಲ್ಲ, ಹಾವಸೆಗೆ ಹಾಕುವುದನ್ನು ಜಂಗಿಗೆ ಹಾಕಿದರೆ ಜಂಗು ಹೋಗುವುದೇ ಇಲ್ಲ. ಎಲ್ಲಾ ಕಲೆಗೂ ಒಂದೇ ಬಾಟಲಿ ಹುಡುಕುವವರು ಕೊನೆಗೆ ಪಾಲಿಶ್ ಪೇಪರಿಗೇ ಬಂದು ನಿಲ್ಲುತ್ತಾರೆ.

ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರು, ಮೆತ್ತಗಿನ ಸ್ಪಂಜು. ಮಣ್ಣು, ಧೂಳು, ಜಿಡ್ಡು ಇದರಲ್ಲೇ ಹೋಗುತ್ತದೆ. ಇಡೀ ಮೈ ತೊಳೆದು ಒಣಗಿಸಿದ ಮೇಲೆ ಉಳಿದದ್ದೇ ನಿಜವಾದ ಕಲೆ. (ಅರಿಶಿನ ಹತ್ತಿದ್ದರೆ ಮಾತ್ರ ಸೋಪು ಮುಟ್ಟಿಸಬೇಡಿ, ಅದರ ಮಾತು ಮುಂದೆ ಬರುತ್ತದೆ.) ಕೆಲಸ ಬೆಳಿಗ್ಗೆ ಅಥವಾ ನೆರಳಿನಲ್ಲಿ ಆಗಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಕಾದ ಫೈಬರಿನ ಮೇಲೆ ಹಾಕಿದ ಔಷಧಿ ನಿಮಿಷದಲ್ಲಿ ಒಣಗಿ ಅದೇ ಇನ್ನೊಂದು ಕಲೆಯಾಗುತ್ತದೆ. ಯಾವುದೇ ಔಷಧಿಯನ್ನೂ ಮೊದಲು ಕಾಣದ ಮೂಲೆಯಲ್ಲಿ ಅಂಗೈ ಅಗಲದಷ್ಟು ಜಾಗಕ್ಕೆ ಹಾಕಿ ನೋಡುವುದು ಒಳ್ಳೆಯದು.

ಈಗ ಕಂದು ಕಲೆ. ನಮ್ಮ ಕಡೆಯ ದೋಣಿಗಳಲ್ಲಿ ಇದೇ ಜಾಸ್ತಿ. ಇದಕ್ಕೆ ಮೂಲ ಎರಡು. ಒಂದು ಕಬ್ಬಿಣ: ಕಳಪೆ ಬೋಲ್ಟಿನ ಜಂಗು, ಧಾರವಾಡದ ಪಶ್ಚಿಮಕ್ಕೆ ಹೋದಂತೆ ಸಿಗುವ ಕೆಮ್ಮಣ್ಣು. ಕೆಮ್ಮಣ್ಣಿನ ಕೆಂಪೇ ಕಬ್ಬಿಣದ ಆಕ್ಸೈಡ್. ಎರಡನೆಯದು ಎಲೆ, ತೊಗಟೆ, ಕೊಳೆತ ಅಂತರಗಂಗೆಯಿಂದ ನೀರಿಗೆ ಇಳಿಯುವ ಒಗರು, ಅಂದರೆ ಟ್ಯಾನಿನ್. ಮರದ ಕೆಳಗೆ ಮಗುಚಿ ಇಟ್ಟ ದೋಣಿಯ ಮೇಲೆ ಮಳೆಗಾಲದಲ್ಲಿ ಎಲೆಯ ಆಕಾರದ್ದೇ ಕಂದು ಅಚ್ಚು ಬೀಳುವುದನ್ನು ನೋಡಿರಬಹುದು. ಅದು ಇದೇ ಒಗರು. ಒಗರೂ ಕಬ್ಬಿಣವೂ ಒಂದೇ ಕಡೆ ಸೇರಿದರೆ ಕಲೆ ಕಂದು ಹೋಗಿ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಬೋಲ್ಟಿನ ಬುಡದಲ್ಲಿ ಎಲೆ ಕೊಳೆತಾಗ ಆಗುವುದೂ ಅದೇ.

ಈ ಎಲ್ಲಾ ಕಂದು-ಕಪ್ಪು ಕಲೆಗೆ ಆಕ್ಸಾಲಿಕ್ ಆಸಿಡ್ ನಂಬಬಹುದಾದ ಔಷಧಿ. ದೋಣಿಗೆಂದೇ ಮಾರುವ ದುಬಾರಿ ಬಾಟಲಿಗಳಲ್ಲೂ ಹಲವದರಲ್ಲಿ ಇರುವುದು ಇದೇ. ನಮ್ಮೂರಿನಲ್ಲಿ ಅದನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಮಾರ್ಬಲ್ ಪಾಲಿಶ್ ಮಾಡುವವರು ಇದೇ ಪುಡಿ ಬಳಸುತ್ತಾರೆ. ಮಾರ್ಬಲ್, ಟೈಲ್ಸ್ ಸಾಮಾನಿನ ಅಂಗಡಿಯಲ್ಲಿ ಕೇಳಿ. ಬಿಳಿ ಹರಳಿನ ಪುಡಿ. ಈ ಆಸಿಡ್ಡಿನ ಆಕ್ಸಲೇಟ್ ಭಾಗ ಕಬ್ಬಿಣವನ್ನು ಹಿಡಿದುಕೊಂಡು ನೀರಿನಲ್ಲಿ ಕರಗುವ ರೂಪಕ್ಕೆ ತರುತ್ತದೆ. ಕರಗಿದ ಮೇಲೆ ರಂಧ್ರದೊಳಗಿನ ಜಂಗೂ ನೀರಿನ ಜೊತೆ ಹೊರಗೆ ಬರುತ್ತದೆ.

ಹುಬ್ಬಳ್ಳಿಯ ಒಂದು ಫೈಬರ್ ಶೆಡ್ಡಿನಲ್ಲಿ ಈ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಹಂಸದ ಆಕಾರದ ಪೆಡಲ್ ಬೋಟು, ಕತ್ತಿನ ಬುಡದ ಬೋಲ್ಟಿನಿಂದ ಗೇಣುದ್ದ ಜಂಗು ಇಳಿದಿತ್ತು. ಕೆಲಸದ ಹುಡುಗ, "ಅಣ್ಣಾರ, ಪೇಪರ್ ಹಾಕಿ ಉಜ್ಜಿಬಿಡ್ತೀನ್ರಿ, ಐದ ನಿಮಿಷದಾಗ ಬೆಳ್ಳಗ ಆಗ್ತೈತ್ರಿ" ಎಂದ. ಹಿರಿಯ ಕೆಲಸಗಾರರು ಬೇಡವೆಂದರು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಪುಡಿ ಕಲಸಿ, ಹಳೆಯ ಬನಿಯನ್ ತುಂಡನ್ನು ಅದರಲ್ಲಿ ಅದ್ದಿ ಗೆರೆಯುದ್ದಕ್ಕೂ ಅಂಟಿಸಿದರು. ಒಣಗದಿರಲೆಂದು ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದರು. ಕಾಲು ಗಂಟೆ ಯಾರೂ ಮುಟ್ಟಲಿಲ್ಲ. ಬಟ್ಟೆ ತೆಗೆದಾಗ ಅದರ ಅಂಚಿನಿಂದ ಹಸಿರು ಮಿಶ್ರಿತ ಹಳದಿ ನೀರು ತೊಟ್ಟಿಕ್ಕುತ್ತಿತ್ತು. ಆ ಬಣ್ಣವೇ ಕರಗಿ ಬಂದ ಕಬ್ಬಿಣ. ಗೆರೆಯ ಮುಕ್ಕಾಲು ಭಾಗ ಹೋಗಿತ್ತು, ಬೋಲ್ಟಿಗೆ ಅಂಟಿದ ಕಡೆ ಮಾತ್ರ ತೆಳುವಾಗಿ ಉಳಿದಿತ್ತು. ಅಲ್ಲಿಗೆ ಇನ್ನೊಂದು ಸಲ ಅದೇ ಬಟ್ಟೆ ಪಟ್ಟಿ. ಹೊಳಪು ಎಲ್ಲಿಯೂ ಕೆಟ್ಟಿರಲಿಲ್ಲ.

ಅಳತೆ ಹೇಳುವುದಾದರೆ ಒಂದು ಲೀಟರ್ ನೀರಿಗೆ 30ರಿಂದ 50 ಗ್ರಾಂ ಪುಡಿ ಸಾಕು. ಹತ್ತು-ಹದಿನೈದು ನಿಮಿಷ ಹಸಿಯಾಗಿ ಬಿಟ್ಟು ಧಾರಾಳ ನೀರಿನಲ್ಲಿ ತೊಳೆಯಿರಿ. ಒಮ್ಮೆಗೆ ಹೋಗದಿದ್ದರೆ ಗಟ್ಟಿಯಾಗಿ ಕಲಸುವ ಬದಲು ಇನ್ನೊಂದು ಸಲ ಹಾಕಿ.

ಇಲ್ಲಿ ನಮ್ಮ ಭಾಗದವರು ತಪ್ಪದೇ ಎಚ್ಚರ ವಹಿಸಬೇಕಾದ ಒಂದು ವಿಷಯ ಇದೆ. ಗದಗ, ನವಲಗುಂದ ಕಡೆಯ ಬಹಳಷ್ಟು ಬೋರ್ ನೀರು ಗಡಸು. ಅಂದರೆ ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಆಕ್ಸಾಲಿಕ್ ಆಸಿಡ್ಡಿಗೆ ಕ್ಯಾಲ್ಸಿಯಂ ಸಿಕ್ಕ ತಕ್ಷಣ ಎರಡೂ ಸೇರಿ ಕ್ಯಾಲ್ಸಿಯಂ ಆಕ್ಸಲೇಟ್ ಆಗುತ್ತದೆ. ಅದು ನೀರಿನಲ್ಲಿ ಕರಗದ ಬಿಳಿ ಪುಡಿ. ಬಕೆಟ್ಟಿಗೆ ಪುಡಿ ಹಾಕಿದ ಕೂಡಲೇ ನೀರು ಮಬ್ಬಾದರೆ ಔಷಧಿಯ ಒಂದು ಭಾಗ ಅಲ್ಲೇ ಹಾಳಾಯಿತು ಎಂದು ತಿಳಿಯಿರಿ. ದೋಣಿಯ ಮೇಲೂ ಬಿಳಿ ಮಬ್ಬು ಕೂರುತ್ತದೆ, ಅದನ್ನು ತೆಗೆಯುವುದು ಜಂಗಿಗಿಂತ ಕಷ್ಟ. "ಆಸಿಡ್ ಹಾಕಿದ್ವಿ, ದೋಣಿ ಮಂಕಾಯ್ತು" ಎಂದು ಹೇಳುವವರ ಕತೆ ಎಷ್ಟೋ ಸಲ ಇದೇ. ಔಷಧಿ ಕಲಸಲು ಹಿಡಿದಿಟ್ಟ ಮಳೆನೀರು ಬಳಸಿ. ಅದಿಲ್ಲವೆಂದರೆ ಆರ್‌ಓ ನೀರು. ಮೊದಲ ಸಲ ತೊಳೆಯುವುದಕ್ಕೂ ಅದೇ ಆದರೆ ಇನ್ನೂ ಒಳ್ಳೆಯದು, ಆಮೇಲೆ ಬೋರ್ ನೀರು ಬಿಡಬಹುದು.

ಈ ಪುಡಿ ವಿಷ. ಹೊಟ್ಟೆಗೆ ಹೋದರೆ ಮೂತ್ರಪಿಂಡಕ್ಕೆ ಹೊಡೆತ. ನೋಡಲು ಸಕ್ಕರೆಗೂ ಉಪ್ಪಿಗೂ ಹತ್ತಿರ ಇರುವುದರಿಂದ ಮನೆಯ ಡಬ್ಬಿಯಲ್ಲಿ ಇಡಲೇಬಾರದು. ರಬ್ಬರ್ ಕೈಗವಸು, ಕನ್ನಡಕ ಇಲ್ಲದೆ ಕೆಲಸ ಬೇಡ. ಪುಡಿ ಹಾರುವಾಗ ಮೂಗಿಗೆ ಮಾಸ್ಕ್ ಇರಲಿ. ತೊಳೆದ ನೀರು ಕೆರೆಗೆ ಹೋಗಬಾರದು. ದೋಣಿಯನ್ನು ದಡಕ್ಕೆ ಎಳೆದು, ದನ ಮೇಯುವ ಜಾಗದಿಂದ ದೂರ ಇಟ್ಟು ಕೆಲಸ ಮಾಡಿ. ಉಳಿದ ದ್ರಾವಣಕ್ಕೆ ನೊರೆ ನಿಲ್ಲುವವರೆಗೆ ಅಡಿಗೆ ಸೋಡಾ ಹಾಕಿದರೆ ಹುಳಿ ಸಾಯುತ್ತದೆ. ಅದಾದ ಮೇಲೂ ಅದನ್ನು ಕೆರೆಗೆ ಚೆಲ್ಲಬೇಡಿ.

ಮತ್ತೆ, ಜಂಗು ಹೋಯಿತೆಂದು ಬಿಟ್ಟರೆ ಮುಂದಿನ ಮಳೆಗೆ ಅದೇ ಗೆರೆ ತಿರುಗಿ ಬರುತ್ತದೆ. ಬೋಲ್ಟು ಬದಲಿಸಿ. ಸ್ಟೇನ್‌ಲೆಸ್‌ನಲ್ಲಿ 316 ಗ್ರೇಡ್ ಸಿಕ್ಕರೆ ಉತ್ತಮ, ಕೆರೆಯ ಸಿಹಿನೀರಿಗೆ 304 ಕೂಡ ನಡೆಯುತ್ತದೆ.

ಬಿಳಿ ಪೊರೆ ಬೇರೆ ಜಾತಿ. ಗಡಸು ನೀರು ಒಣಗಿದ ಕಡೆ ಸುಣ್ಣ ಕೂರುತ್ತದೆ, ಬೋರ್ ನೀರಿನ ಬಚ್ಚಲಲ್ಲಿ ನಲ್ಲಿಯ ಬಾಯಿಗೆ ಕೂರುವುದೂ ಅದೇ. ಗುರುತಿಸುವುದು ಸುಲಭ. ಒಂದು ಹನಿ ಲಿಂಬೆರಸ ಬಿಡಿ, ಗುಳ್ಳೆ ಎದ್ದರೆ ಸುಣ್ಣ. ಇದಕ್ಕೆ ಮೇಲಿನ ಪುಡಿ ಹಾಕಬಾರದು, ಕಾರಣ ಈಗಾಗಲೇ ಗೊತ್ತಾಯಿತಲ್ಲ. ಬಿಳಿ ವಿನೆಗರ್ ಅಥವಾ ಕಿರಾಣಿ ಅಂಗಡಿಯ ಸಿಟ್ರಿಕ್ ಆಸಿಡ್ ಸಾಕು. ಲೀಟರಿಗೆ ಎರಡು-ಮೂರು ಚಮಚ ಹಾಕಿ, ಬಟ್ಟೆ ಅದ್ದಿ ಅಂಟಿಸಿ, ಕಾಯಿರಿ. ಪಟ್ಟಿಯಲ್ಲಿ ಜಂಗೂ ಸುಣ್ಣವೂ ಒಟ್ಟಿಗೆ ಇದ್ದರೆ ಮೊದಲು ಸುಣ್ಣ ತೆಗೆದು, ಚೆನ್ನಾಗಿ ತೊಳೆದು, ಆಮೇಲೆ ಜಂಗಿಗೆ ಕೈ ಹಾಕಿ. ಪಾಯಿಖಾನೆ ತೊಳೆಯುವ ಆಸಿಡ್ ಬೇಗ ಕೆಲಸ ಮಾಡುತ್ತದೆ ಎಂದು ಸುರಿಯುವವರಿದ್ದಾರೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಸುಣ್ಣವೇನೋ ಹೋಗುತ್ತದೆ, ಆದರೆ ಸ್ಟೇನ್‌ಲೆಸ್ ಬೋಲ್ಟಿಗೂ ಅದೇ ಆಸಿಡ್ ಹತ್ತಿ ಅಲ್ಲಿ ಜಂಗಿಗೆ ದಾರಿ ಆಗುತ್ತದೆ.

ಹಾವಸೆ ಮತ್ತು ಬೂಷ್ಟಿಗೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಒಳ್ಳೆಯದು. ಬಟ್ಟೆಗೆ ಹಾಕುವ ಬ್ಲೀಚನ್ನು ಹತ್ತು ಪಟ್ಟು ನೀರಿಗೆ ಬೆರೆಸಿಯೂ ಹಾಕಬಹುದು, ಐದು ನಿಮಿಷ ಬಿಟ್ಟು ತೊಳೆಯಬೇಕು. ಆದರೆ ಬ್ಲೀಚ್ ಜಂಗನ್ನು ತೆಗೆಯುವುದಿಲ್ಲ, ಇನ್ನಷ್ಟು ಗಟ್ಟಿ ಮಾಡುತ್ತದೆ. ಅದಕ್ಕಿಂತ ಮುಖ್ಯವಾದದ್ದು: ಬ್ಲೀಚೂ ಆಸಿಡ್ಡೂ ಒಂದನ್ನೊಂದು ಮುಟ್ಟಬಾರದು. ಮುಟ್ಟಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಶ್ವಾಸಕೋಶ ಸುಡುವ ಅನಿಲ. ಎರಡೂ ಕೆಲಸ ಒಂದೇ ದಿನ ಇಟ್ಟುಕೊಳ್ಳಬೇಡಿ. ಬಕೆಟ್ಟು, ಬಟ್ಟೆ, ಸ್ಪಂಜು ಸಹ ಬೇರೆ ಬೇರೆ ಇರಲಿ.

ಟೈರಿನ ಕಪ್ಪು ಗೀರು, ಗ್ರೀಸು, ಡಾಂಬರಿಗೆ ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ಹಚ್ಚಿದ ಅರಿವೆ, ಆಮೇಲೆ ಸೋಪು ನೀರು. ಸ್ಟಿಕರಿನ ಗೋಂದಿಗೂ ಇದೇ. ಥಿನ್ನರ್, ಅಸಿಟೋನ್ ಕೊನೆಯ ಉಪಾಯವಾಗಿರಲಿ: ಅರಿವೆಗೆ ಹಾಕಿ ಒಂದು ಸಲ ಒರೆಸಿ ಬಿಡಬೇಕು, ನೆನೆಯಲು ಬಿಡಬಾರದು.

ಅರಿಶಿನದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಬೇರೆ ದೇಶದವರ ಸಲಹೆಯಲ್ಲಿ ಇದು ಸಿಗುವುದಿಲ್ಲ. ಆಯುಧ ಪೂಜೆಗೆ ನಾವು ದೋಣಿಗೂ ಅರಿಶಿನ-ಕುಂಕುಮ ಹಚ್ಚುತ್ತೇವೆ, ಹಚ್ಚಬೇಕು ಕೂಡ. ಪೂಜೆ ಮುಗಿದು ಎರಡು ದಿನಕ್ಕೆ ಯಾರೋ ಸೋಪು ಹಾಕಿ ತೊಳೆಯುತ್ತಾರೆ. ಹಳದಿ ಇದ್ದದ್ದು ತಟ್ಟನೆ ಕೆಂಪಾಗುತ್ತದೆ. ಗಾಬರಿಯಾಗಿ ಇನ್ನಷ್ಟು ಸೋಪು, ಇನ್ನಷ್ಟು ಕೆಂಪು. ಅರಿಶಿನದ ಬಣ್ಣ ಕರ್ಕ್ಯುಮಿನ್ ಎಂಬ ವಸ್ತುವಿನದು. ಕ್ಷಾರ ತಾಗಿದರೆ ಅದು ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಸೋಪೂ ಕ್ಷಾರವೇ. ಹಾಗೆ ಕೆಂಪಾಗಿದ್ದರೆ ಮೊದಲು ಲಿಂಬೆರಸ ಹಚ್ಚಿ, ತಿರುಗಿ ಹಳದಿಗೆ ಬರುತ್ತದೆ.

ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ, ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದ ಒಣ ಅರಿವೆಯಿಂದ ಪುಡಿಯನ್ನು ಮೊದಲು ಕೊಡವಿ ತೆಗೆಯಿರಿ. ಆಮೇಲೆ ಸರ್ಜಿಕಲ್ ಸ್ಪಿರಿಟ್ ಅದ್ದಿದ ಹತ್ತಿಯನ್ನು ಕಲೆಯ ಮೇಲೆ ಒತ್ತಿ ಎತ್ತಿ. ಒರೆಸಿದರೆ ಹಳದಿ ಹರಡುತ್ತದೆ, ಒತ್ತಿದರೆ ಹತ್ತಿಗೆ ಬರುತ್ತದೆ. ಹತ್ತಿ ಹಳದಿಯಾದ ಹಾಗೆ ಬದಲಿಸುತ್ತಿರಿ. ಕೊನೆಗೆ ಉಳಿಯುವ ತೆಳು ಹಳದಿಗೆ ಬಿಸಿಲೇ ಔಷಧಿ. ಬೆಳಕಿಗೆ ಕರ್ಕ್ಯುಮಿನ್ ತಾನೇ ಒಡೆಯುತ್ತದೆ. ಕೆಲವು ದಿನ ಆ ಮೈ ಸೂರ್ಯನ ಕಡೆ ಇರುವಂತೆ ದೋಣಿ ನಿಲ್ಲಿಸಿದರೆ ಸಾಕು. ಕುಂಕುಮಕ್ಕೂ ಸ್ಪಿರಿಟ್ಟೇ, ಆದರೆ ಅಂಗಡಿ ಕುಂಕುಮದಲ್ಲಿ ಹಲವು ಸಲ ಕೃತಕ ಬಣ್ಣ ಇರುವುದರಿಂದ ಅದು ಹಟ ಮಾಡುತ್ತದೆ. ಮುಂದಿನ ಹಬ್ಬಕ್ಕೆ ದೋಣಿಯ ಮೈಗೆ ಮೊದಲೇ ವ್ಯಾಕ್ಸ್ ಹಚ್ಚಿ, ಇಲ್ಲವೇ ಒಂದು ಬಾಳೆಎಲೆ ತುಂಡು ಅಂಟಿಸಿ ಅದರ ಮೇಲೆ ಅರಿಶಿನ-ಕುಂಕುಮ ಇಡಿ. ಕರ್ಪೂರವನ್ನು ಮಾತ್ರ ಯಾವತ್ತೂ ಫೈಬರಿನ ಮೇಲೆ ನೇರ ಹಚ್ಚಬೇಡಿ. ಸುಟ್ಟ ಗುರುತು ಕಲೆಯಲ್ಲ, ಜೆಲ್‌ಕೋಟೇ ಹೋಗಿರುತ್ತದೆ.

ಕಲೆಯಂತೆ ಕಂಡು ಕಲೆಯಲ್ಲದವು ಇನ್ನೂ ಕೆಲವು ಇವೆ. ಬಿಸಿಲಿಗೆ ಇಡೀ ಮೈ ಸಮನಾಗಿ ಹಳದಿಯಾಗಿದ್ದರೆ ರೆಸಿನ್ನೇ ಬಣ್ಣ ಬದಲಿಸಿದೆ, ಅದನ್ನು ಯಾವ ಆಸಿಡ್ಡೂ ಬಿಳಿ ಮಾಡುವುದಿಲ್ಲ. ಕೂದಲೆಳೆಯಷ್ಟು ತೆಳುವಾದ ಕಪ್ಪು ಗೆರೆಗಳು ಕಂಡರೆ ಬಿರುಕಿನೊಳಗೆ ಕೊಳೆ ಕೂತಿದೆ. ನೀರಿನ ಮಟ್ಟದ ಕೆಳಗೆ ಸಣ್ಣ ಗುಳ್ಳೆಗಳಿದ್ದು, ಚುಚ್ಚಿದರೆ ಹುಳಿ ವಾಸನೆಯ ನೀರು ಬಂದರೆ ಜೆಲ್‌ಕೋಟಿನ ಹಿಂದಕ್ಕೆ ನೀರು ಹೋಗಿದೆ. ಈ ಎರಡೂ ತೊಳೆಯುವವರ ಕೆಲಸ ಅಲ್ಲ, ಫೈಬರ್ ರಿಪೇರಿಯವರ ಕೆಲಸ. ಇವುಗಳ ಮೇಲೆ ಆಸಿಡ್ ಸುರಿದರೆ ಅದು ಬಿರುಕಿನ ಮೂಲಕ ಒಳಗೇ ಇಳಿಯುತ್ತದೆ.

ಇಷ್ಟೆಲ್ಲಾ ಮಾಡಿದ ಮೇಲೂ ಉಳಿದ ಕಲೆಗೆ, ಸುಣ್ಣದ ಪುಡಿಯ ಹಾಗಾದ ಮೇಲ್ಪದರಕ್ಕೆ, ಆಗ ಸವೆಸುವ ಮಾತು. ಅದರಲ್ಲೂ ಮೊದಲು ಕಾರಿನ ಪೇಂಟ್ ಅಂಗಡಿಯಲ್ಲಿ ಸಿಗುವ ರಬ್ಬಿಂಗ್ ಕಾಂಪೌಂಡ್ ಹಾಕಿ ನೋಡಿ. ಹೆಚ್ಚಿನ ದೋಣಿಗೆ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ವಾಟರ್ ಪೇಪರ್ 1000, ಆಮೇಲೆ 1500, 2000, ಪ್ರತಿ ಸಲವೂ ನೀರು ಹಾಕುತ್ತಾ, ಅಂಚು-ಮೂಲೆಗಳಲ್ಲಿ ಕೈ ಹಗುರ ಮಾಡಿ. ಜೆಲ್‌ಕೋಟ್ ಮೊದಲು ಸವೆಯುವುದೇ ಅಂಚಿನಲ್ಲಿ. ಒಳಗಿನ ನಾರಿನ ಹೆಣಿಗೆ ಮಸುಕಾಗಿ ಕಾಣಲು ಶುರುವಾದರೆ ಆ ಕ್ಷಣವೇ ನಿಲ್ಲಿಸಿ. 220ರಂಥ ಒರಟು ಪೇಪರಿನಿಂದ ಶುರು ಮಾಡುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹತ್ತು ವರ್ಷ ಬಾಳಬೇಕಾದ ಮೈಯನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಡುತ್ತಾರೆ.

ಯಾವ ದಾರಿಯಲ್ಲಿ ಕಲೆ ತೆಗೆದಿದ್ದರೂ ಕೊನೆಗೆ ವ್ಯಾಕ್ಸ್ ಹಾಕದೆ ಬಿಡಬೇಡಿ. ಆಸಿಡ್, ಸ್ಪಿರಿಟ್, ಕಾಂಪೌಂಡ್ ಎಲ್ಲವೂ ಹಳೆಯ ವ್ಯಾಕ್ಸನ್ನೂ ಕಿತ್ತುಕೊಂಡು ಹೋಗಿರುತ್ತವೆ. ರಂಧ್ರಗಳು ಈಗ ಬಾಯಿ ತೆರೆದಿವೆ. ಹಾಗೇ ನೀರಿಗೆ ಬಿಟ್ಟರೆ ಮೊದಲಿಗಿಂತ ಬೇಗ ಕಲೆ ಕೂರುತ್ತದೆ. ಪೂರ್ತಿ ಒಣಗಿಸಿ, ನೆರಳಿನಲ್ಲಿ ಕಾರಿನ ವ್ಯಾಕ್ಸ್ ತೆಳುವಾಗಿ ಹಚ್ಚಿ, ಮಬ್ಬು ಬಂದ ಮೇಲೆ ಮೆತ್ತಗಿನ ಅರಿವೆಯಲ್ಲಿ ಒರೆಸಿ. ನೀರಿನ ಮಟ್ಟದ ಪಟ್ಟಿಗೆ ಎರಡು ಸಲ ಹಚ್ಚಿ. ಬಯಲಲ್ಲೇ ನಿಲ್ಲುವ ದೋಣಿಗೆ ಮೂರು-ನಾಲ್ಕು ತಿಂಗಳಿಗೊಮ್ಮೆ ಇದು ಬೇಕು. ವರ್ಷಕ್ಕೆ ಒಮ್ಮೆ ಮಾತ್ರ ಆಗುತ್ತದೆ ಎನ್ನುವವರು ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು ಮಾಡಲಿ. ಎಲೆ ಕೊಳೆಯುವುದು, ಹೊಲದ ಮಣ್ಣು ಕೆರೆಗೆ ಇಳಿಯುವುದು, ಹಾವಸೆ ಹಬ್ಬುವುದು ಎಲ್ಲವೂ ಅದಾದ ಮೇಲೆಯೇ.